ಟ್ರೇಲರ್ ಬ್ರೇಕಿಗೆ ಸಾಕ್ಷಿ ಯಾರು?

ಡಬ್ಲಿನ್ ನಗರದ ನೈಋತ್ಯ ಅಂಚಿನ ಸಿಟಿವೆಸ್ಟ್ ಐರ್ಲೆಂಡಿನ ಕಾರು ಮಾಲೀಕರಿಗೆ ಪರಿಚಯದ ವಿಳಾಸ. 2000ದ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಾರು ಪರೀಕ್ಷೆಯನ್ನು, ಅಲ್ಲಿನವರ ಮಾತಿನಲ್ಲಿ ಎನ್‌ಸಿಟಿಯನ್ನು, 2010ರಿಂದ ನಡೆಸುತ್ತಿರುವ ಸಂಸ್ಥೆಯ ಕಚೇರಿ ಇಲ್ಲಿನ ಬಿಸಿನೆಸ್ ಕ್ಯಾಂಪಸ್ಸಿನಲ್ಲಿದೆ. ಪಕ್ಕದಲ್ಲೇ ನೇಸ್ ರಸ್ತೆ, ಅಂದರೆ ಎನ್7 ಹೆದ್ದಾರಿ. ರಾಜಧಾನಿಯಿಂದ ಕಾರ್ಕ್, ಲಿಮರಿಕ್ ಕಡೆಗೆ ಹೊರಟ ಟ್ರೇಲರ್ ಲಾರಿಗಳು ಈ ದಾರಿಯಲ್ಲಿ ಸಾಲುಗಟ್ಟುತ್ತವೆ. ಆರು ಆಕ್ಸಲ್‌ಗಳ ಇಂಥ ಲಾರಿ ಐರ್ಲೆಂಡಿನಲ್ಲಿ ಸರಕೂ ಸೇರಿ 46 ಟನ್‌ವರೆಗೆ ತೂಗಬಹುದು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾರ ಚಾಲಕನ ಬೆನ್ನ ಹಿಂದೆ, ಟ್ರೇಲರಿನ ಗಾಲಿಗಳ ಮೇಲೆ ಕೂತಿರುತ್ತದೆ. ಆ ಗಾಲಿಗಳ ಬ್ರೇಕನ್ನು ಪರೀಕ್ಷಿಸುವಾಗ ಪರೀಕ್ಷಕರ ಜೀವಕ್ಕೆ ಬೇಕಾದ ಎಚ್ಚರ ಒಂದು ವಿಷಯ, ಫಲಿತಾಂಶ ಸರಿಯಾಗಿ ಬರುವುದು ಇನ್ನೊಂದು ವಿಷಯ ಎಂದು ಬೇರ್ಪಡಿಸಿ ಯೋಚಿಸುವುದು ವಾಡಿಕೆ. ಎಚ್ಚರವೆಂದರೆ ಸಮಯದ ಖರ್ಚು, ಫಲಿತಾಂಶವೆಂದರೆ ಕೆಲಸ ಎಂಬ ಲೆಕ್ಕ ಅದರ ಹಿಂದಿದೆ. ಈ ಲೆಕ್ಕ ತಪ್ಪು. ಟ್ರೇಲರ್ ಬ್ರೇಕಿನ ವಿಷಯದಲ್ಲಿ ಅಪಾಯಕಾರಿಯಾಗಿ ಮಾಡಿದ ಪರೀಕ್ಷೆ ಬಹುತೇಕ ಯಾವಾಗಲೂ ಸುಳ್ಳು ಪರೀಕ್ಷೆಯೂ ಆಗಿರುತ್ತದೆ.

ಮೊದಲು ಕಾನೂನಿನ ಚೌಕಟ್ಟು. ಎನ್‌ಸಿಟಿ ಕಾರುಗಳಿಗೆ ಮಾತ್ರ. ಲಾರಿ, ಬಸ್ಸು ಹಾಗೂ 3,500 ಕಿಲೋಗಿಂತ ಹೆಚ್ಚು ತೂಕಕ್ಕೆ ವಿನ್ಯಾಸಗೊಂಡ ಟ್ರೇಲರುಗಳಿಗೆ ಪ್ರತ್ಯೇಕ ವಾರ್ಷಿಕ ಪರೀಕ್ಷೆಯಿದೆ. ಅದನ್ನು ಸಿವಿಆರ್‌ಟಿ ಎನ್ನುತ್ತಾರೆ. 2012ರ ಕಾಯ್ದೆಯೊಂದು ಇದರ ಹೊಣೆಯನ್ನು ರಸ್ತೆ ಸುರಕ್ಷತಾ ಪ್ರಾಧಿಕಾರಕ್ಕೆ ಕೊಟ್ಟಿತು. ಅಳತೆಗೋಲು ಮಾತ್ರ ಯುರೋಪಿನದು. ಒಕ್ಕೂಟದ 2014/45 ಸಂಖ್ಯೆಯ ನಿರ್ದೇಶನದ ಪ್ರಕಾರ ಹೊಸ ತಲೆಮಾರಿನ ಸೆಮಿ ಟ್ರೇಲರಿನ ಬ್ರೇಕು, ಅದರ ಆಕ್ಸಲ್‌ಗಳಿಗೆ ಅನುಮತಿಸಿದ ಒಟ್ಟು ಭಾರದ ಕನಿಷ್ಠ 45%ರಷ್ಟು ತಡೆಬಲ ಕೊಡಬೇಕು. ಮುಂದೊಂದು ಆಕ್ಸಲ್ ಇಟ್ಟುಕೊಂಡು ಎಳೆಗೂಟದಿಂದ ಎಳೆಸಿಕೊಳ್ಳುವ ಟ್ರೇಲರಿಗೆ 50%. ಒಂದೇ ಆಕ್ಸಲ್ಲಿನ ಎರಡು ಗಾಲಿಗಳ ನಡುವೆ ಒಂದರ ಬಲ ಇನ್ನೊಂದರ 70%ಕ್ಕಿಂತ ಕೆಳಗಿಳಿದರೆ ಅದು ದೊಡ್ಡ ದೋಷ.

ಕಾರಿನ ಬ್ರೇಕಿಗೂ ಟ್ರೇಲರಿನ ಬ್ರೇಕಿಗೂ ಇರುವ ಮುಖ್ಯ ವ್ಯತ್ಯಾಸ ಯಂತ್ರದಲ್ಲಿಲ್ಲ, ಸಾಕ್ಷಿಯಲ್ಲಿದೆ. ಕಾರಿನ ಬ್ರೇಕು ಸಡಿಲವಾದರೆ ಪೆಡಲ್ ಕಾಲಿಗೆ ಹೇಳುತ್ತದೆ, ಸ್ಟೀರಿಂಗ್ ಕೈಗೆ ಹೇಳುತ್ತದೆ. ಟ್ರೇಲರಿನ ಮೂರು ಆಕ್ಸಲ್‌ಗಳಲ್ಲಿ ಒಂದು ಸಂಪೂರ್ಣ ಸತ್ತುಹೋಗಿದ್ದರೂ ಖಾಲಿ ಓಡಾಟದಲ್ಲಿ ಕ್ಯಾಬಿನ್ನಿಗೆ ಯಾವ ಸುಳಿವೂ ಬರುವುದಿಲ್ಲ. ಮುಂದಿನ ಎಂಜಿನ್ ಗಾಡಿಯ ಬ್ರೇಕು ಆ ಕೊರತೆಯನ್ನು ಮೌನವಾಗಿ ಹೊತ್ತುಕೊಳ್ಳುತ್ತದೆ, ಅದರ ಲೈನರು ಬೇಗ ಸವೆಯುತ್ತದೆ, ಅಷ್ಟೇ. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಡಬ್ಲಿನ್, ರಾಸ್‌ಲೇರ್ ಬಂದರುಗಳಲ್ಲಿ ಎಂಜಿನ್ ಗಾಡಿಯಿಲ್ಲದೆ ಬರೀ ಟ್ರೇಲರುಗಳು ಹಡಗು ಹತ್ತಿ ಇಳಿಯುತ್ತವೆ. ಆಚೆ ದಡದಲ್ಲಿ ಒಬ್ಬ ಬಿಟ್ಟದ್ದನ್ನು ಈಚೆ ದಡದಲ್ಲಿ ಇನ್ನೊಬ್ಬ ಎಳೆಯುತ್ತಾನೆ. ಮಂಗಳೂರು ಬಂದರಿನ, ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೊದ ಅನುಭವಿ ಚಾಲಕರಿಗೂ ಇದು ಹೊಸದಲ್ಲ: ಎಂಜಿನ್ ತನ್ನದು, ಹಿಂದಿನದು ಆ ದಿನ ಸಿಕ್ಕಿದ್ದು. ಒಂದು ಟ್ರೇಲರನ್ನು ವರ್ಷವಿಡೀ ಬಲ್ಲ ಚಾಲಕನೇ ಇಲ್ಲದಿರುವಾಗ "ಗಾಡಿ ನನಗೆ ಗೊತ್ತು, ಬ್ರೇಕ್ ಚೆನ್ನಾಗಿದೆ" ಎಂಬ ಮಾತಿಗೆ ಆಧಾರವಿಲ್ಲ. ಅಳೆಯುವ ಯಂತ್ರವೊಂದೇ ಸಾಕ್ಷಿ.

ಎಳೆಸಿಕೊಳ್ಳುವ ಗಾಡಿಯ ಬ್ರೇಕಿಗೆ ಏಕೆ ಇಷ್ಟು ಕಟ್ಟುನಿಟ್ಟು ಬೇಕು ಎಂಬುದಕ್ಕೆ ಐರ್ಲೆಂಡ್ ದ್ವೀಪದ ಇತಿಹಾಸದಲ್ಲೇ ಭೀಕರ ಪುರಾವೆಯಿದೆ. 1889ರ ಜೂನ್ 12ರಂದು ಆರ್ಮಾ ಪಟ್ಟಣದಿಂದ ವಾರನ್‌ಪಾಯಿಂಟ್ ಕಡಲತೀರಕ್ಕೆ ಸಂಡೇ ಸ್ಕೂಲಿನ ಮಕ್ಕಳು, ಹಿರಿಯರನ್ನು ತುಂಬಿಕೊಂಡ ವಿಹಾರದ ರೈಲು ಹೊರಟಿತು. ಹದಿನೈದು ಬೋಗಿಗಳನ್ನು ಎಳೆದುಕೊಂಡು ಏರು ಹತ್ತಲಾಗದೆ ಎಂಜಿನ್ ನಿಂತುಹೋಯಿತು. ಸಿಬ್ಬಂದಿ ರೈಲನ್ನು ಎರಡು ಭಾಗ ಮಾಡಿ, ಮುಂದಿನ ಭಾಗವನ್ನು ಮೊದಲು ದಾಟಿಸಿ ಬರಲು ತೀರ್ಮಾನಿಸಿದರು. ರೈಲಿಗೆ ನಿರ್ವಾತ ಬ್ರೇಕು ಇತ್ತು. ಆದರೆ ಅದು ಎಂಜಿನ್ನಿನ ಸಂಪರ್ಕವಿರುವಾಗ ಮಾತ್ರ ಹಿಡಿಯುವ ಬಗೆಯದು. ಕೊಳವೆ ಬಿಚ್ಚಿದ ಕೂಡಲೇ ಹಿಂದಿನ ಹತ್ತು ಬೋಗಿಗಳಿಗೆ ಅದು ಇಲ್ಲವಾಯಿತು. ಅವುಗಳನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಬೋಗಿಯ ಕೈ ಬ್ರೇಕು ಮತ್ತು ಗಾಲಿಗಳ ಕೆಳಗೆ ಇಟ್ಟ ಕಲ್ಲುಗಳು. ಮುಂದಿನ ಭಾಗ ಹೊರಡುವಾಗ ಸ್ವಲ್ಪ ಹಿಂದಕ್ಕೆ ಜರುಗಿ ತಾಗಿತು. ಕಲ್ಲುಗಳು ಪುಡಿಯಾದವು, ಹತ್ತು ಬೋಗಿಗಳು ಇಳಿಜಾರಿನಲ್ಲಿ ಹಿಮ್ಮುಖವಾಗಿ ಓಡಿ, ಹಿಂದಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿದವು. ಸುಮಾರು 80 ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಹೊಸ ರೈಲ್ವೆ ಕಾಯ್ದೆ ತಂದು, ಪ್ರಯಾಣಿಕರ ರೈಲುಗಳ ಎಲ್ಲ ಬೋಗಿಗಳಿಗೂ ಸಂಪರ್ಕ ಕಡಿದರೆ ತಾನಾಗಿ ಹಿಡಿಯುವ ಬ್ರೇಕು ಇರಲೇಬೇಕೆಂದಿತು. ಅಂಥ ಬ್ರೇಕು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದ ಆರಂಭದಲ್ಲೇ ರೂಪಿಸಿ ಆಗಿತ್ತು. ಉಪಾಯ ಗೊತ್ತಿದ್ದೂ ಸುಮಾರು ಹದಿನೈದು ವರ್ಷ ಅದು ಕಡ್ಡಾಯವಾಗದೆ ಉಳಿದದ್ದು ಆರ್ಮಾ ದುರಂತದ ಅತ್ಯಂತ ನೋವಿನ ಭಾಗ.

ಇಂದಿನ ಲಾರಿ ಟ್ರೇಲರಿನ ಗಾಳಿ ಬ್ರೇಕು ಅದೇ ತತ್ವದ ಸಂತತಿ. ಎಂಜಿನ್ ಗಾಡಿಯಿಂದ ಟ್ರೇಲರಿಗೆ ಎರಡು ಗಾಳಿ ಪೈಪುಗಳು ಹೋಗುತ್ತವೆ. ಕೆಂಪು ಪೈಪು ಟ್ರೇಲರಿನ ಟ್ಯಾಂಕಿಗೆ ಸದಾ ಒತ್ತಡ ತುಂಬುತ್ತದೆ. ಹಳದಿ ಪೈಪು ಪೆಡಲ್ ಒತ್ತಿದಾಗಿನ ಆಜ್ಞೆಯನ್ನು ಒಯ್ಯುತ್ತದೆ. ಕೆಂಪು ಪೈಪು ಕಡಿದರೆ ಅಥವಾ ಬಿಚ್ಚಿದರೆ ಟ್ರೇಲರಿನ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದೆ. ಸೊಗಸಾದ ಏರ್ಪಾಡು. ಆದರೆ ಅದರ ಮಗ್ಗುಲಲ್ಲೇ ಒಂದು ಅಪಾಯವಿದೆ: ಕೆಂಪು ಪೈಪನ್ನು ಮತ್ತೆ ಜೋಡಿಸಿದ ಕ್ಷಣ, ತಾನಾಗಿ ಹಿಡಿದಿದ್ದ ಆ ಬ್ರೇಕು ತಾನಾಗಿ ಬಿಡುತ್ತದೆ. ಟ್ರೇಲರಿನ ಪಾರ್ಕಿಂಗ್ ಬ್ರೇಕನ್ನು ಬೇರೆಯಾಗಿ ಎಳೆದಿರದಿದ್ದರೆ, ಎಂಜಿನ್ ಗಾಡಿಯ ಹ್ಯಾಂಡ್‌ಬ್ರೇಕನ್ನೂ ಮರೆತಿದ್ದರೆ, ಇಡೀ ಜೋಡಿ ಚಲಿಸತೊಡಗುತ್ತದೆ. ಎರಡು ಗಾಡಿಗಳ ನಡುವಿನ ಇಕ್ಕಟ್ಟಿನಲ್ಲಿ ನಿಂತು ಪೈಪು ಜೋಡಿಸುತ್ತಿರುವವನಿಗೆ ಓಡಲು ಜಾಗವಿರುವುದಿಲ್ಲ. ಹೊರಗೆ ಹಾರಿ ಕ್ಯಾಬಿನ್ ಹತ್ತಲು ಹೋಗಿ ಚಕ್ರಕ್ಕೆ ಸಿಕ್ಕವರೂ ಇದ್ದಾರೆ. ಆದ್ದರಿಂದಲೇ ಕ್ರಮಕ್ಕೆ ಬೆಲೆ: ಮೊದಲು ಎಂಜಿನ್ ಗಾಡಿಯ ಹ್ಯಾಂಡ್‌ಬ್ರೇಕು, ಆಮೇಲೆ ಟ್ರೇಲರಿನ ಪಾರ್ಕಿಂಗ್ ಗುಂಡಿ, ಗಾಲಿಗೆ ಅಡ್ಡಗಟ್ಟೆ, ಅದಾದ ಮೇಲಷ್ಟೇ ಪೈಪು. ಅಡ್ಡಗಟ್ಟೆ ಈ ಸಾಲಿನಲ್ಲಿ ಮೂರನೆಯದೇ ಹೊರತು ಮೊದಲನೆಯದಲ್ಲ. ಕಲ್ಲನ್ನು ನಂಬಿದ್ದರ ಫಲ ಆರ್ಮಾದಲ್ಲಿ ಕಂಡಿದೆ.

ಈ ಕ್ರಮದಲ್ಲಿ ಪರೀಕ್ಷೆಯೂ ಅಡಗಿದೆ. ಪಾರ್ಕಿಂಗ್ ಬ್ರೇಕನ್ನು ಎಳೆದು ಎಂಜಿನ್ ಗಾಡಿಯಿಂದ ಮೆಲ್ಲಗೆ ಜಗ್ಗಿ ನೋಡಿದರೆ ಅದು ಹಿಡಿದಿದೆಯೇ ಎಂಬುದು ಪೈಪಿನ ಹತ್ತಿರ ಹೋಗುವ ಮೊದಲೇ ಗೊತ್ತಾಗುತ್ತದೆ. ಕೆಂಪು ಪೈಪು ಬಿಚ್ಚಿದಾಗ ಟ್ರೇಲರು ತಾನಾಗಿ ಹಿಡಿಯುತ್ತದೆಯೇ ಎಂಬುದೂ ಪರೀಕ್ಷಿಸಬೇಕಾದ ಅಂಶವೇ. ಅವಸರದಲ್ಲಿ ಎಲ್ಲವನ್ನೂ ಜೋಡಿಸಿ ನೇರ ರೋಲರಿಗೆ ತಂದರೆ ಇವೆರಡರ ಉತ್ತರವೂ ಸಿಗುವುದಿಲ್ಲ. ಟ್ಯಾಂಕಿನಲ್ಲಿ ಪೂರ್ಣ ಒತ್ತಡ ತುಂಬುವವರೆಗೆ ಕಾಯದೆ ಗಾಡಿಯಡಿ ಹೋಗುವುದು ಅಪಾಯ, ಏಕೆಂದರೆ ಒತ್ತಡ ಏರುತ್ತಿದ್ದಂತೆ ಬ್ರೇಕಿನ ಸನ್ನೆಗಳು ತಾವಾಗಿ ಅಲುಗಬಹುದು. ಅರ್ಧ ಒತ್ತಡದಲ್ಲಿ ಅಳೆದ ತಡೆಬಲವೂ ಸುಳ್ಳು. ಗಾಳಿ ಸೋರುತ್ತಿದೆಯೇ ಎಂಬುದನ್ನು ಎಂಜಿನ್ ಆರಿಸಿ ಮೌನದಲ್ಲಿ ಕೇಳಿಸಿಕೊಂಡರೆ ಕಿವಿಗೂ ತಿಳಿಯುತ್ತದೆ, ಗೇಜಿಗೂ ತಿಳಿಯುತ್ತದೆ. ಗಾಡಿಯಡಿಯ ತಗ್ಗುಗುಂಡಿಯೊಳಗೆ ನಿಂತ ಪರೀಕ್ಷಕನಿಗೂ ಕ್ಯಾಬಿನ್ನಿನಲ್ಲಿ ಪೆಡಲ್ ಒತ್ತುವವನಿಗೂ ನಡುವೆ ಒಪ್ಪಿದ ಸಂಕೇತವಿಲ್ಲದಿದ್ದರೆ ಬೆರಳು ಸ್ಲ್ಯಾಕ್ ಅಡ್ಜಸ್ಟರ್ ಎಂಬ ಬ್ರೇಕಿನ ಸನ್ನೆಯ ಬಾಯಿಗೆ ಸಿಗಬಹುದು. ಯಾವ ಕ್ಷಣ ಪೆಡಲ್ ಒತ್ತಿದರು ಎಂದು ಗೊತ್ತಿಲ್ಲದೆ ಅಡ್ಜಸ್ಟರ್ ಎಷ್ಟು ದೂರ ಚಲಿಸಿತು ಎಂದು ಅಳೆಯಲೂ ಆಗದು. ಸ್ಪ್ರಿಂಗ್ ಬ್ರೇಕಿನ ಚೇಂಬರು, ನಮ್ಮ ಮೆಕ್ಯಾನಿಕ್ಕುಗಳು ಬೂಸ್ಟರ್ ಎನ್ನುವುದು, ಇನ್ನೂ ಒಂದು ಹೆಜ್ಜೆ ಗಂಭೀರ. ಅದರೊಳಗಿನ ಸ್ಪ್ರಿಂಗು ಅದುಮಿಟ್ಟ ಬಲ ಟನ್ ಲೆಕ್ಕದ್ದು. ಬೋಲ್ಟಿನಿಂದ ಅದನ್ನು ಬಂಧಿಸದೆ ಪಟ್ಟಿ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಪರೀಕ್ಷೆಯ ದಿನ ಯಾರೂ ಅದನ್ನು ಬಿಚ್ಚುವ ಅಗತ್ಯವೇ ಇಲ್ಲ.

ಈಗ ಪರೀಕ್ಷೆಯ ಹೃದಯಕ್ಕೆ, ರೋಲರಿಗೆ ಬರೋಣ. ನೆಲಮಟ್ಟದಲ್ಲಿ ಕೂರಿಸಿದ ಜೋಡಿ ಉರುಳೆಗಳ ಮೇಲೆ ಒಂದು ಆಕ್ಸಲ್ಲನ್ನು ಕೂರಿಸುತ್ತಾರೆ. ಮೋಟಾರು ಗಾಲಿಗಳನ್ನು ನಡಿಗೆಗಿಂತ ನಿಧಾನವಾಗಿ ತಿರುಗಿಸುತ್ತದೆ, ಚಾಲಕ ಬ್ರೇಕನ್ನು ಹಂತಹಂತವಾಗಿ ಒತ್ತುತ್ತಾನೆ, ಗಾಲಿ ಎಷ್ಟು ಬಲದಿಂದ ತಡೆಯುತ್ತಿದೆ ಎಂಬುದನ್ನು ಯಂತ್ರ ಎಡಕ್ಕೂ ಬಲಕ್ಕೂ ಬೇರೆ ಬೇರೆ ತೋರಿಸುತ್ತದೆ. ಗಾಲಿ ಉರುಳೆಯ ಮೇಲೆ ಜಾರತೊಡಗಿದರೆ ನಡುವಿನ ಸಣ್ಣ ಉರುಳೆ ಅದನ್ನು ಗುರುತಿಸಿ ಮೋಟಾರನ್ನು ನಿಲ್ಲಿಸುತ್ತದೆ. ಪೆಡಲನ್ನು ಒಮ್ಮೆಲೇ ತುಳಿದರೆ ಗಾಡಿ ಉರುಳೆಯಿಂದ ಹಿಂದಕ್ಕೆ ಎಗರಬಹುದು, ಟೈರು ಸುಲಿಯಬಹುದು. ಅದೇ ತುಳಿತ ಪರೀಕ್ಷೆಯನ್ನೂ ಕೆಡಿಸುತ್ತದೆ: ಎಡ ಗಾಲಿ ಬೇಗ ಹಿಡಿದು ಬಲ ಗಾಲಿ ತಡವಾಗಿ ಹಿಡಿಯುತ್ತಿದೆಯೇ, ಡ್ರಮ್ಮು ಅಂಡಾಕಾರವಾಗಿ ಬಲ ಏರಿಳಿಯುತ್ತಿದೆಯೇ, ಪೆಡಲ್ ಬಿಟ್ಟ ಮೇಲೂ ಶೂ ಅಂಟಿಕೊಂಡಿದೆಯೇ ಎಂಬುದೆಲ್ಲ ನಿಧಾನದ ಒತ್ತುವಿಕೆಯಲ್ಲಿ ಮಾತ್ರ ಕಾಣುತ್ತದೆ.

ಆದರೂ ರೋಲರೊಂದೇ ಸತ್ಯ ಹೇಳುವುದಿಲ್ಲ. ಗಾಡಿಯ ಮೇಲೆ ಭಾರವಿರಬೇಕು. ಇದು ಚೆನ್ನಾಗಿ ಅರ್ಥವಾಗಬೇಕಾದ ಮಾತು, ಸ್ವಲ್ಪ ಲೆಕ್ಕ ಹಾಕೋಣ. ಮೂರು ಆಕ್ಸಲ್‌ಗಳ ಸೆಮಿ ಟ್ರೇಲರಿಗೆ ಆಕ್ಸಲ್ಲಿಗೆ 8 ಟನ್‌ನಂತೆ 24 ಟನ್ ಅನುಮತಿ ಇದೆ ಎಂದಿಟ್ಟುಕೊಳ್ಳಿ. ಅದರ 45% ಎಂದರೆ 10.8 ಟನ್ ತಡೆಬಲ ಬೇಕು. ಖಾಲಿಯಿದ್ದಾಗ ಆ ಮೂರು ಆಕ್ಸಲ್‌ಗಳ ಮೇಲೆ 5 ಟನ್ ಭಾರವಷ್ಟೇ ಇದ್ದರೆ, ಉರುಳೆಗೂ ಟೈರಿಗೂ ಇರುವ ಹಿಡಿತ ಭಾರದ ಹತ್ತರಲ್ಲಿ ಏಳು ಪಾಲೆಂದು ಹಿಡಿದರೂ, 3.5 ಟನ್ ಬಲಕ್ಕೇ ಗಾಲಿಗಳು ಜಾರಿಬಿಡುತ್ತವೆ, ಯಂತ್ರ ನಿಲ್ಲುತ್ತದೆ. ನಾಳೆ 10.8 ಟನ್ ಕೊಡಬಲ್ಲ ಗಟ್ಟಿ ಬ್ರೇಕೂ, 4 ಟನ್ನಿಗೇ ಸೋಲುವ ಸೊರಗಿದ ಬ್ರೇಕೂ ಖಾಲಿ ಟ್ರೇಲರಿನಲ್ಲಿ ಒಂದೇ ರೀತಿ ಗಾಲಿ ಕಟ್ಟಿ ತೋರಿಸುತ್ತವೆ. ಹಗುರ ಗಾಡಿಗೆ ಗಾಳಿ ಕಡಿಮೆ ಕಳಿಸುವ ಭಾರಸಂವೇದಿ ಕವಾಟವಂತೂ ಬ್ರೇಕಿನ ಪೂರ್ಣ ಸಾಮರ್ಥ್ಯ ಹೊರಬರಲು ಬಿಡುವುದೇ ಇಲ್ಲ. ಎಲೆಕ್ಟ್ರಾನಿಕ್ ಬ್ರೇಕಿನ ಟ್ರೇಲರಿಗೆ ವಿದ್ಯುತ್ ಕೇಬಲ್ ಸಿಕ್ಕಿಸದೆ ಪರೀಕ್ಷಿಸಿದರೆ ಇದು ತಲೆಕೆಳಗಾಗುತ್ತದೆ: ಭಾರದ ಲೆಕ್ಕ ತಪ್ಪಿ ಪೂರ್ಣ ಗಾಳಿ ಹೋಗಿ ಖಾಲಿ ಗಾಲಿಗಳು ಥಟ್ಟನೆ ಕಟ್ಟಿಕೊಳ್ಳುತ್ತವೆ. ಇಲ್ಲಿಯೂ ಮರೆತ ಒಂದು ಕೇಬಲ್ಲು ಪರೀಕ್ಷೆಯನ್ನು ಏಕಕಾಲಕ್ಕೆ ಅಪಾಯಕಾರಿಯೂ ಸುಳ್ಳೂ ಮಾಡಿತು.

ಭಾರ ಹೇರಿ ತರುವುದು ದುಬಾರಿ ಎಂಬ ಆಕ್ಷೇಪಕ್ಕೆ ತೂಕವಿದೆ. ಕಾಂಕ್ರೀಟು ದಿಮ್ಮಿಯನ್ನೋ ನೀರಿನ ತೊಟ್ಟಿಯನ್ನೋ ಹೇರಬೇಕು, ಕಟ್ಟಬೇಕು, ಇಳಿಸಬೇಕು. ಸರಿಯಾಗಿ ಕಟ್ಟದ ಭಾರ ರೋಲರಿನ ಮೇಲೆ ಮುನ್ನುಗ್ಗಿದರೆ ಅದೇ ಹೊಸ ಅಪಾಯ. ಸಣ್ಣ ಸಾಗಣೆದಾರನಿಗೆ ಒಂದು ದಿನದ ದುಡಿಮೆ ಹೋಗುತ್ತದೆ. ಇಷ್ಟನ್ನೂ ಒಪ್ಪಿಕೊಂಡೇ ನೆರೆಯ ಬ್ರಿಟನ್ 2023ರ ಜನವರಿಯಿಂದ ವಾರ್ಷಿಕ ಪರೀಕ್ಷೆಗೆ ಬರುವ ಬಹುಪಾಲು ಭಾರಿ ವಾಹನ, ಟ್ರೇಲರುಗಳ ಆಕ್ಸಲ್‌ಗಳ ಮೇಲೆ ವಿನ್ಯಾಸದ ಭಾರದ ಕನಿಷ್ಠ 65% ಇರಬೇಕೆಂದಿತು. ಖಾಲಿ ಪರೀಕ್ಷೆಯಲ್ಲಿ ಪಾಸಾದ ಬ್ರೇಕು ತುಂಬಿದ ಗಾಡಿಯನ್ನು ನಿಲ್ಲಿಸದಿದ್ದರೆ ಆ ಪಾಸಿನ ಚೀಟಿಗೆ ಏನು ಅರ್ಥ ಎಂಬ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ಭಾರ ಹೇರಲು ನಿಜಕ್ಕೂ ಆಗದ ಗಾಡಿಗಳಿಗೆ ಯುರೋಪಿನ ನಿರ್ದೇಶನವೇ ದಾರಿ ತೋರಿಸುತ್ತದೆ. 3.5 ಟನ್ ಮೀರಿದವುಗಳಿಗೆ ಐಎಸ್‌ಒ 21069 ಮಾನದಂಡದ ವಿಧಾನವನ್ನೋ ಅದಕ್ಕೆ ಸಮನಾದದ್ದನ್ನೋ ಅನುಸರಿಸಬೇಕು: ಬ್ರೇಕ್ ಚೇಂಬರಿನಲ್ಲಿ ಎಷ್ಟು ಗಾಳಿ ಒತ್ತಡವಿದ್ದಾಗ ಎಷ್ಟು ತಡೆಬಲ ಬಂತು ಎಂದು ಜೊತೆಜೊತೆಗೆ ಅಳೆದು, ಪೂರ್ಣ ಒತ್ತಡದಲ್ಲಿ ಎಷ್ಟು ಬರಬಲ್ಲದೆಂದು ಲೆಕ್ಕ ಕಟ್ಟುವುದು. ಇದಕ್ಕೆ ಒತ್ತಡ ಅಳೆಯುವ ಜೋಡಣೆಯೂ ಕೈಪಳಗಿದ ಪರೀಕ್ಷಕರೂ ಬೇಕು. ಅಗ್ಗದ ಅಡ್ಡದಾರಿ ಅದಲ್ಲ.

ವರ್ಷಕ್ಕೊಮ್ಮೆಯ ಪರೀಕ್ಷೆಯಿಂದ ಏನಾಗುತ್ತದೆ, ಮರುದಿನವೇ ಪೈಪು ಒಡೆಯಬಹುದಲ್ಲ ಎಂಬುದು ಇನ್ನೊಂದು ಮಾತು. ನಿಜ. ಅದಕ್ಕೇ ದಿನವೂ ಹೊರಡುವ ಮುಂಚೆ ಚಾಲಕ ಸುತ್ತುಹಾಕಿ ನೋಡಬೇಕು, ಕೆಲವು ವಾರಗಳಿಗೊಮ್ಮೆ ಗ್ಯಾರೇಜು ನೋಡಬೇಕು. ಬ್ರಿಟನ್ನಿನಲ್ಲಿ 2025ರ ಏಪ್ರಿಲಿನಿಂದ ಈ ಮಧ್ಯಂತರ ತಪಾಸಣೆಗಳಲ್ಲೂ ಬ್ರೇಕಿನ ಬಲವನ್ನು ಅಳೆದೇ ನೋಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಓಡುತ್ತಿರುವಾಗಲೇ ಪ್ರತಿ ನಿಲುಗಡೆಯ ಮಾಹಿತಿ ಕೂಡಿಡುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನೂ ಅದು ಒಪ್ಪುತ್ತದೆ. ಆದರೆ ಸುತ್ತುಹಾಕಿ ನೋಡುವ ಕಣ್ಣು ಸೋರುವ ಪೈಪನ್ನು ಕಂಡೀತೇ ಹೊರತು ಡ್ರಮ್ಮಿನೊಳಗೆ ಎಣ್ಣೆ ಹತ್ತಿ ನುಣುಪಾದ ಲೈನರನ್ನು ಕಾಣದು. ದಿನದ ನೋಟ ವರ್ಷದ ಅಳತೆಗೆ ಬದಲಿಯಾಗುವುದಿಲ್ಲ. ಐರ್ಲೆಂಡಿನ ವ್ಯವಸ್ಥೆಯಲ್ಲೇ ಉಳಿದಿರುವ ಒಂದು ಬಿರುಕನ್ನೂ ಹೇಳಬೇಕು: 750 ಕಿಲೋ ಮೀರಿದ ಟ್ರೇಲರಿಗೆ ಬ್ರೇಕು ಕಡ್ಡಾಯ, ಆದರೆ ವಾರ್ಷಿಕ ಪರೀಕ್ಷೆ 3,500 ಕಿಲೋ ಮೀರಿದವಕ್ಕೆ ಮಾತ್ರ. ಕುರಿ ದನ ಸಾಗಿಸುವ, ಕಾರು ಜೀಪುಗಳು ಎಳೆಯುವ ಟ್ರೇಲರುಗಳ ದೊಡ್ಡ ಗುಂಪೇ ನಡುವೆ ಉಳಿದುಹೋಗಿದೆ.

ಕರ್ನಾಟಕದಲ್ಲಿ ಈ ಬಿರುಕು ಕಂದಕವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮು ಸಾರಿಗೆ ವಾಹನಗಳಿಗೆ ಎಫ್‌ಸಿ, ಅಂದರೆ ಸುಸ್ಥಿತಿ ಪ್ರಮಾಣಪತ್ರ, ಕಡ್ಡಾಯ ಮಾಡಿದೆ. ಯಂತ್ರಗಳಿಂದಲೇ ಪರೀಕ್ಷೆ ನಡೆಸುವ ಕೇಂದ್ರಗಳ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು; ಅವನ್ನು ಕಡ್ಡಾಯಗೊಳಿಸುವ ಗಡುವು ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ. ನೆಲಮಂಗಲದಲ್ಲಿ ಅಂಥ ಪರೀಕ್ಷಾ ಕೇಂದ್ರವೊಂದಿದೆ. ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಇಳಿಯುವ ಕಂಟೇನರ್ ಲಾರಿಗಳು ಇಂಥ ಯಂತ್ರದ ಕಣ್ಣಿಗೆ ತುಂಬಿದ ಭಾರದೊಂದಿಗೇ ಬೀಳಬೇಕು. ಆದರೆ ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರು ಸಾಗುತ್ತವೆ. ಬಹುಪಾಲಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಇಲ್ಲದ ಬ್ರೇಕನ್ನು ಯಾವ ರೋಲರು ಅಳೆದೀತು?

ಟ್ರ್ಯಾಕ್ಟರು ನಿಧಾನ, ಅದಕ್ಕೆ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಟ್ರ್ಯಾಕ್ಟರು 2.5 ಟನ್, ಹಿಂದಿನ ಟ್ರೇಲರು ಕಬ್ಬು ಎಲ್ಲ ಸೇರಿ 15 ಟನ್ ಎಂದುಕೊಳ್ಳೋಣ. ಬ್ರೇಕಿರುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗೆ. ಅದೇ ತಡೆಬಲ ಏಳು ಪಟ್ಟು ತೂಕವನ್ನು ನಿಲ್ಲಿಸಬೇಕು, ಎಂದರೆ ಅದೇ ವೇಗಕ್ಕೆ ಸುಮಾರು ಏಳು ಪಟ್ಟು ದೂರ. ಕೊಂಡಿಯ ಭಾರದಿಂದ ಗಾಲಿಗೆ ಹಿಡಿತ ತುಸು ಹೆಚ್ಚಿದರೂ ಚಿತ್ರ ಬದಲಾಗದು. ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ ಭೂಮಿಯ ಸೆಳೆತವೇ ಈ ಜೋಡಿಯನ್ನು ಸುಮಾರು 0.9 ಟನ್ ಬಲದಿಂದ ತಳ್ಳುತ್ತದೆ. ಟ್ರ್ಯಾಕ್ಟರಿನ ಬ್ರೇಕು ಕೊಡಬಲ್ಲದ್ದರಲ್ಲಿ ಬಹುಭಾಗ ವೇಗ ಏರದಂತೆ ತಡೆಯುವುದಕ್ಕೇ ಮುಗಿಯುತ್ತದೆ. ಇನ್ನೂ ಜೋರಾಗಿ ಒತ್ತಿದರೆ ಹಿಂದಿನ ಟ್ರೇಲರು ಟ್ರ್ಯಾಕ್ಟರನ್ನು ಅಡ್ಡಡ್ಡ ನೂಕಿ ಮಗುಚುತ್ತದೆ. ನಿಧಾನದ ರಕ್ಷಣೆ ಸಮತಟ್ಟಾದ ರಸ್ತೆಗಷ್ಟೇ.

ಬಡ ರೈತನ ಮೇಲೆ ಮತ್ತೊಂದು ಖರ್ಚು, ಮತ್ತೊಂದು ಕಚೇರಿ, ಮತ್ತೊಂದು ಸರದಿ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಟ್ರೇಲರನ್ನು ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಎಳೆಸಿ, ಪರೀಕ್ಷೆಗೆಂದೇ ಭಾರ ಹೇರಿ ತರಲು ಹೇಳುವುದು ಅನ್ಯಾಯ. ಆದರೆ ಆ ಅಗತ್ಯವೇ ಇಲ್ಲ. ಹಂಗಾಮು ಶುರುವಾದ ಮೇಲೆ ಟ್ರೇಲರುಗಳು ಪೂರ್ತಿ ಭಾರ ಹೊತ್ತು ತಾವಾಗಿಯೇ ಸಕ್ಕರೆ ಕಾರ್ಖಾನೆಯ ಅಂಗಳಕ್ಕೆ ಬರುತ್ತವೆ, ತೂಕದ ಸೇತುವೆ ಏರುತ್ತವೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತವೆ. ಬ್ರಿಟನ್ ಕಡ್ಡಾಯ ಮಾಡಬೇಕಾಗಿ ಬಂದ ಭಾರ ಇಲ್ಲಿ ಮೊದಲೇ ಹೇರಿ ಬಂದಿರುತ್ತದೆ, ಅದರ ನಿಖರ ತೂಕ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಹೊಸ ಟ್ರೇಲರಿಗೆ ಬ್ರೇಕು ಕೂರಿಸಿಯೇ ಮಾರಬೇಕೆಂಬ ನಿಯಮವನ್ನು ಬಿಗಿಯಾಗಿ ಜಾರಿಗೆ ತಂದು, ಹಳೆಯವಕ್ಕೆ ಕೆಲವು ಹಂಗಾಮುಗಳ ಅವಧಿ ಮತ್ತು ಸಹಾಯಧನ ಕೊಟ್ಟು, ತೂಕದ ಸೇತುವೆಯ ಪಕ್ಕದಲ್ಲೇ ರೋಲರೊಂದನ್ನು ಇಟ್ಟರೆ ರೈತ ಬೇರೆಲ್ಲಿಗೂ ಹೋಗಬೇಕಿಲ್ಲ. ಅದರ ವೆಚ್ಚ ಕಾರ್ಖಾನೆ ಮತ್ತು ಸಾರಿಗೆ ಇಲಾಖೆಯದಾಗಬೇಕು, ಏಕೆಂದರೆ ಆ ಭಾರ ರಸ್ತೆಗಿಳಿಯುವುದು ಕಾರ್ಖಾನೆಗಾಗಿ. ಅಂಗಳ ಸಮತಟ್ಟಾಗಿರಬೇಕು, ಪರೀಕ್ಷೆಯ ಓಣಿಗೆ ಬೇಲಿ ಹಾಕಿ ಕಬ್ಬಿನ ಸಾಲಿನ ಜನ ಅದರೊಳಗೆ ನಡೆದಾಡದಂತೆ ನೋಡಿಕೊಳ್ಳಬೇಕು, ಕಬ್ಬಿನ ಹೊರೆಗೆ ಹಗ್ಗ ಬಿಗಿದಿರಬೇಕು, ಒಬ್ಬ ಪರೀಕ್ಷಕನ ಸಂಕೇತವಿಲ್ಲದೆ ಯಾರೂ ಪೆಡಲ್ ಮುಟ್ಟಬಾರದು. ಇಷ್ಟರ ಸಿದ್ಧತೆ ಅಕ್ಟೋಬರಿನೊಳಗೆ, ಕಬ್ಬು ಅರೆಯುವುದು ಶುರುವಾಗುವ ಮುಂಚೆ ಮುಗಿಯಬೇಕು.